ಹೇಸರಗತ್ತೆಗಳ ಡಾಕ್ಟರು

ವಾಷಿಂಗ್ಟನ್ನಿನ ಹತ್ತಿರದ ಎಲಿಕಾಟ್ ಸಿಟಿಯ ಕನ್ನಡಿಗರ ಮನೆಯಲ್ಲಿ ಶನಿವಾರದ ಊಟ ಮುಗಿದು, ಯಾರಾದರೂ ಟಿವಿಯಲ್ಲಿ ಕಾಲೇಜುಗಳ ಅಮೆರಿಕನ್ ಫುಟ್‌ಬಾಲ್ ಹಾಕಿದರೆ, ಡಾಕ್ಟರ್ ಪದ್ಮನಾಭ ಎದ್ದು ಹಿತ್ತಲಿಗೆ ಹೋಗಿಬಿಡುತ್ತಾನೆ. ಚಳಿಯಿದ್ದರೂ ಹೋಗುತ್ತಾನೆ. ಹೊಸಬರು, ಪಾಪ, ಮೈಸೂರಿನ ಮನುಷ್ಯ, ಈ ಆಟ ಅರ್ಥವಾಗುವುದಿಲ್ಲ ಎಂದುಕೊಂಡು ಸುಮ್ಮನಾಗುತ್ತಾರೆ. ಅರ್ಥವಾಗದೆ ಏನು! ಆ ಕೋಣೆಯಲ್ಲಿ ಕೂತವರೆಲ್ಲ ಸೇರಿದರೂ ಅವನಿಗೆ ತಿಳಿದಷ್ಟು ತಿಳಿಯದು. ದಕ್ಷಿಣ ಕ್ಯಾರೊಲೈನಾದ ಎಲ್ಡರ್ಟನ್ ಎಂಬ ಊರಿನಲ್ಲಿ ಅವನನ್ನು ಹೇಸರಗತ್ತೆಗಳ ಡಾಕ್ಟರು ಎಂದು ಕರೆಯುತ್ತಿದ್ದರು. ಪ್ರೀತಿಯಿಂದಲೇ ಕರೆಯುತ್ತಿದ್ದರು.

ಹೇಸರಗತ್ತೆಗಳೆಂದರೆ ಎಲ್ಡರ್ಟನ್ ಕಾಲೇಜಿನ ತಂಡ. ಉಳಿದ ಕಾಲೇಜಿನವರು ಹುಲಿ, ಹದ್ದು ಎಂದೆಲ್ಲ ಹೆಸರಿಟ್ಟುಕೊಂಡು ಮೆರೆಯುವಾಗ ಇವರು ಹತ್ತಿ ಹೊಲ ಉತ್ತ ಬಡಪ್ರಾಣಿಯ ಹೆಸರಿಟ್ಟುಕೊಂಡು ಅದರ ಹಾಗೆಯೇ ಒದೆ ತಿನ್ನುತ್ತಿದ್ದರು. ಊರಿಗೆ ಇದ್ದದ್ದು ಒಂದು ಬಟ್ಟೆ ಗಿರಣಿ, ಒಂದು ಆಸ್ಪತ್ರೆ, ಒಂದು ಕಾಲೇಜು. ಗಿರಣಿ ಮುಳುಗುತ್ತಿತ್ತು. ಉಳಿದ ಮರ್ಯಾದೆಯೆಲ್ಲ ಶನಿವಾರದ ಆಟದ ಮೇಲೆ ನಿಂತಿತ್ತು.

ಪದ್ಮನಾಭ ವಾಷಿಂಗ್ಟನ್ನಿನಲ್ಲಿ ತರಬೇತಿ ಮುಗಿಸಿ ಹೆಂಡತಿ ಸುಶೀಲಾಳ ಜೊತೆ ಆ ಊರಿಗೆ ಬಂದದ್ದು ಎಪ್ಪತ್ತೊಂದರಲ್ಲಿ. ದೊಡ್ಡ ಊರುಗಳು ಪರದೇಶದ ಡಾಕ್ಟರನ್ನು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸುತ್ತಿದ್ದ ಕಾಲ. ಎಲ್ಡರ್ಟನ್ನಿಗೆ ಡಾಕ್ಟರೇ ಇರಲಿಲ್ಲ, ಹಾಗಾಗಿ ಕರೆಯಿತು. ಕರೆಯಿತು ಅಷ್ಟೆ, ಮಾತಾಡಿಸಲಿಲ್ಲ. ಹೊಟ್ಟೆನೋವು ಹೇಳಿಕೊಳ್ಳುತ್ತಿದ್ದರು, ಔಷಧಿ ಬರೆಸಿಕೊಳ್ಳುತ್ತಿದ್ದರು, ಅಂಗಡಿಯಲ್ಲಿ ಎದುರಾದರೆ ಹುಬ್ಬು ಅಲ್ಲಾಡಿಸಿ ಮುಂದೆ ಹೋಗುತ್ತಿದ್ದರು. ಕನ್ನಡ ಕಿವಿಗೆ ಬೀಳಬೇಕಾದರೆ ಅಟ್ಲಾಂಟಾಕ್ಕೆ ಡ್ರೈವ್ ಮಾಡಬೇಕು. ಮನೆಯೊಳಗೆ ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡು ಎರಡು ವರ್ಷ ಕಳೆದರು.

ಆಗ ಪರ್ವಿಸ್ ಎಂಬ ಮುದುಕ ಕಾಯಿಲೆ ಬಿದ್ದ. ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ, ಹಿಂದುಗಡೆ, ಒಂದು ದುಂಡು ಮೇಜಿತ್ತು. ತಂಡದ ಕಟ್ಟಾ ಅಭಿಮಾನಿಗಳು ಪ್ರತಿ ಸೋಮವಾರ ಬೆಳಿಗ್ಗೆ ಅಲ್ಲಿ ಸೇರಿ ಶನಿವಾರದ ಸೋಲಿನ ಶ್ರಾದ್ಧ ಮಾಡುತ್ತಿದ್ದರು. ಆ ಮೇಜಿಗೆ ಒಂದು ಪದ್ಧತಿ. ಹೊಸ ಕುರ್ಚಿ ಹಾಕುವುದಿಲ್ಲ. ಯಾರಾದರೂ ಸತ್ತರೆ, ಸಾಯುವವನು ಹೇಳಿ ಹೋದವನಿಗೆ ಆ ಕುರ್ಚಿ. ಪರ್ವಿಸ್ ಕೊನೆಗಾಲದಲ್ಲಿ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿ ಆಟದ ಮರ್ಮವನ್ನೆಲ್ಲ ಪದ್ಮನಾಭನಿಗೆ ಹೇಳಿಕೊಟ್ಟ. ಪದ್ಮನಾಭ, ಇದು ಹೆಲ್ಮೆಟ್ ಹಾಕಿದ ಕಬಡ್ಡಿಯಲ್ಲವೇ ಎಂದುಕೊಂಡು, ಅದರ ಎಳೆ ಹಿಡಿದೇ ಕಲಿತುಬಿಟ್ಟ. ಮುದುಕ ಸಾಯುವ ಮುಂಚೆ ತನ್ನ ಕುರ್ಚಿ ಡಾಕ್ಟರಿಗೆ ಎಂದ. ಮೇಜಿನವರಿಗೆ ಗಂಟಲಲ್ಲಿ ಮುಳ್ಳು ಸಿಕ್ಕಂತಾಗಿರಬೇಕು. ಆದರೂ ಸತ್ತವನ ಮಾತು ಮೀರಲಿಲ್ಲ.

ಪದ್ಮನಾಭನಿಗೆ ಮಾತ್ರ ಸ್ವರ್ಗ ಸಿಕ್ಕಷ್ಟು ಸಂತೋಷ. ಹುಡುಗನಾಗಿದ್ದಾಗ ಉಬ್ಬಸದಿಂದ ಗೋಡೆಗೊರಗಿ ಬೇರೆಯವರ ಆಟ ನೋಡಿದ ಪ್ರಾಣಿ, ನಲವತ್ತರ ಹತ್ತಿರದಲ್ಲಿ ಒಂದು ಆಟದ ಒಳಗೆ ಕೂತಿತ್ತು. ಅಲ್ಲಿ ಕೊಡುವ ಜೋಳದ ನುಚ್ಚಿನ ಗಂಜಿಗೆ ಕೋಟಿನ ಜೇಬಿನಿಂದ ನಿಂಬೆ ಉಪ್ಪಿನಕಾಯಿಯ ಶೀಶೆ ತೆಗೆದು ಬೆರೆಸಿಕೊಳ್ಳುತ್ತಿದ್ದ. ಗಿರಣಿಯಲ್ಲಿ ಮೇಲ್ವಿಚಾರಕನಾಗಿದ್ದು ನಿವೃತ್ತನಾದ ಹೊಯ್ಟ್ ಒಂದು ದಿನ ರುಚಿ ನೋಡಿ, ಕಣ್ಣಲ್ಲಿ ನೀರು ತುಂಬಿಕೊಂಡು, ಇನ್ನೊಂದು ಚೂರು ಕೇಳಿದ. ಆಮೇಲೆ ಸುಶೀಲಾ ಅವನಿಗೂ ಒಂದು ಶೀಶೆ ಕಳಿಸತೊಡಗಿದಳು. ದಾರಿಯಲ್ಲಿ ಜನ ನಿಂತು ಮಾತಾಡಿಸತೊಡಗಿದರು. ಊರು ಒಳಗೆ ಬಿಟ್ಟುಕೊಂಡಿತು. ಅದರ ಬೆಲೆ ಒಬ್ಬಂಟಿಯಾಗಿ ಪರದೇಶದಲ್ಲಿ ಕೂತವರಿಗೇ ಗೊತ್ತು. ಅವನನ್ನು ಬೈಯುವ ಮುಂಚೆ ಇದನ್ನು ಹೇಳಬೇಕು.

ಎಪ್ಪತ್ತನಾಲ್ಕರಲ್ಲಿ ತಂಡ ಮಣ್ಣು ಮುಕ್ಕಿತು. ಆಡಿದ್ದರಲ್ಲಿ ಗೆದ್ದದ್ದು ಒಂದೇ. ತಂಡವನ್ನು ಮತ್ತೆ ಕಟ್ಟುವುದು ಹೇಗೆ ಎಂದು ಮೇಜಿನ ಸುತ್ತ ಜಗಳವೋ ಜಗಳ. ಹಾರ್ಡ್‌ವೇರ್ ಅಂಗಡಿಯ ಕ್ಲೈಡ್ ಆ ಮೇಜಿನ ಯಜಮಾನನಿದ್ದಂತೆ. ಕೋಚ್‌ನನ್ನು ಓಡಿಸಬೇಕೆಂದು ಅವನ ವಾದ.

“ಕೋಚ್ ಓಡಿಸಿದ್ರೆ ಏನು ಬಂತು? ಹುಡುಗ್ರ ಮೈಯಲ್ಲಿ ಮಾಂಸಾನೇ ಇಲ್ಲ,” ಎಂದ ಹೊಯ್ಟ್. “ಕೂದಲು ಬೆಳೆಸೋದೊಂದೇ ಬೆಳೆಸೋದು.”

“ಹಾಗಾದ್ರೆ ದೊಡ್ಡ ಕಾಲೇಜುಗಳ ಜೊತೆ ಆಡೋದು ಬಿಡೋಣ. ಚಿಕ್ಕವರನ್ನ ಹೊಡೆದು ಧೈರ್ಯ ಬರಿಸೋಣ.”

“ಚಿಕ್ಕವರೂ ಹೊಡೀತಾ ಇದಾರಲ್ಲ ಕ್ಲೈಡ್!”

ಎಲ್ಲರ ಬಾಯಲ್ಲೂ ಎಲ್ಲ ಬಂತು, ಒಂದನ್ನು ಬಿಟ್ಟು. ದೊಡ್ಡ ಕಾಲೇಜುಗಳು ಕಪ್ಪು ಹುಡುಗರನ್ನು ಸೇರಿಸಿಕೊಂಡು ಗೆಲ್ಲತೊಡಗಿ ಆಗಲೇ ಕೆಲವು ವರ್ಷವಾಗಿತ್ತು. ಎಲ್ಡರ್ಟನ್ನಿನಲ್ಲಿ ರೈಲು ಹಳಿಯ ಆಚೆ ಕಪ್ಪು ಜನರ ಅರ್ಧ ಊರಿತ್ತು, ಆ ಅರ್ಧ ಊರಿನ ಹುಡುಗರು ಹೈಸ್ಕೂಲಿನಲ್ಲಿ ಗಾಳಿಯ ಹಾಗೆ ಓಡುತ್ತಿದ್ದರು. ಮೇಜಿನಲ್ಲಿದ್ದವರೆಲ್ಲ ಶುಕ್ರವಾರ ಸಂಜೆ ಹೋಗಿ ಅವರ ಆಟ ನೋಡಿ, ಚಪ್ಪಾಳೆ ಹೊಡೆದು, ಸೋಮವಾರ ಅವರ ಹೆಸರೆತ್ತದೆ ಕೂರುತ್ತಿದ್ದರು.

“ಐಸಾಯಾ ಗ್ಯಾಡ್ಸನ್‌ನನ್ನು ಯಾಕೆ ಕೇಳಬಾರದು?” ಎಂದ ಪದ್ಮನಾಭ, ಹಳಿಯ ಆಚೆಯ ಒಬ್ಬ ಹುಡುಗನ ಹೆಸರು ಹಿಡಿದು.

ಹೊಯ್ಟ್ ಕಾಫಿಗೆ ಇನ್ನೊಮ್ಮೆ ಸಕ್ಕರೆ ಹಾಕಿಕೊಂಡ. ಕ್ಲೈಡ್ ಕಿಟಕಿಯ ಕಡೆ ನೋಡುತ್ತ, ಆ ಹುಡುಗನ ತಾಯಿ ಒಪ್ಪುವುದಿಲ್ಲ, ಅವಳಣ್ಣ ಕೆಲಸ ಮಾಡುವ, ಕಪ್ಪು ಜನರದೇ ಆದ ಒಂದು ಕಾಲೇಜಿಗೆ ಕಳಿಸುತ್ತಾಳಂತೆ, ಮಗ ಮೇಷ್ಟ್ರಾಗಬೇಕಂತೆ ಎಂದ. ಎಲ್ಲ ವಿಚಾರಿಸಿಟ್ಟುಕೊಂಡಿದ್ದ, ನೋಡಿ! ಬಾಯಿ ಬಿಡುವುದಕ್ಕೆ ಮಾತ್ರ ಒಬ್ಬ ಬೇಕಿತ್ತು.

“ಅವನ ತಾಯಿ ಲಾಟಿ ನಿಮ್ಮ ಆಸ್ಪತ್ರೇಲೇ ಅಲ್ವಾ ಡಾಕ್, ಬಟ್ಟೆ ಒಗೆಯೋ ಕಡೆ? ನಿಮ್ಮ ಮಾತು ಕೇಳ್ತಾಳೆ ಅಂತಾರೆ.”

ಕೇಳುತ್ತಿದ್ದರು, ಅದು ನಿಜ. ಅದಕ್ಕೆ ಕಾರಣವಿತ್ತು. ಊರಿನ ಬಿಳಿಯರೆಲ್ಲ, ಹಲ್ಲು ಬಾರದ ಮಕ್ಕಳು ಸಹ, ಆಕೆಯನ್ನು ಲಾಟಿ ಎನ್ನುತ್ತಿದ್ದರು. ತನಗಿಂತ ಹಿರಿಯ ಹೆಂಗಸನ್ನು ಬರೀ ಹೆಸರು ಹಿಡಿದು ಕೂಗುವುದು ಪದ್ಮನಾಭನಿಗೆ ನಾಲಿಗೆ ಹೊರಳದ ಕೆಲಸ. ಮೊದಲ ದಿನದಿಂದಲೂ ಮಿಸೆಸ್ ಗ್ಯಾಡ್ಸನ್ ಎಂದೇ ಕರೆಯುತ್ತಿದ್ದ. ಮೊದಲ ಸಲ ಆಕೆ ಹಿಂದೆ ಯಾರಿದ್ದಾರೆ ಎಂದು ತಿರುಗಿ ನೋಡಿದ್ದರು. ಆಮೇಲೆ ಹಳಿಯ ಆಚೆಯವರೆಲ್ಲ ಜ್ವರ ಬಂದರೆ ಅವನನ್ನೇ ಹುಡುಕಿಕೊಂಡು ಬರತೊಡಗಿದರು. ಅವನು ಬಂದವರನ್ನು ಬಂದ ಸರದಿಯಲ್ಲೇ ನೋಡುತ್ತಿದ್ದ.

ಭಾನುವಾರ ಮಿಸೆಸ್ ಗ್ಯಾಡ್ಸನ್ ಮನೆಗೆ ಹೊರಟಾಗ ಸುಶೀಲಾ ಒಗ್ಗರಣೆ ಸೌಟು ಹಿಡಿದೇ ಹೊರಗೆ ಬಂದಳು.

“ರೀ, ನೀವ್ಯಾಕೆ ಹೋಗ್ಬೇಕು? ಕೋಚ್ ಹೋಗಿ ಕನ್ವಿನ್ಸ್ ಮಾಡ್ಲಿ.”

“ಕೋಚ್ ಮಾತು ಅವ್ರು ನಂಬಲ್ಲ ಕಣೆ.”

“ಅದಕ್ಕೇ ಹೇಳ್ತಿರೋದು. ಹುಡುಗನಿಗೋಸ್ಕರ ಹೋಗ್ತಿದೀರೋ, ನಿಮ್ಮ ಟೀಮಿಗೋ?”

“ಇಬ್ರಿಗೂ ಒಳ್ಳೇದಲ್ವಾ?” ಎಂದು ನಕ್ಕು ಕಾರು ಹತ್ತಿದ. ಅವನು ಅದನ್ನು ಪೂರಾ ನಂಬಿದ್ದ. ಇದೇ ಹೊಟ್ಟೆ ಉರಿಸುವ ವಿಷಯ.

ಮಿಸೆಸ್ ಗ್ಯಾಡ್ಸನ್ ಜಗುಲಿಯ ಕುರ್ಚಿಯನ್ನು ಸೆರಗಿನಂಥ ತಮ್ಮ ಏಪ್ರನ್ನಿನಿಂದ ಒರೆಸಿ ಕೂರಿಸಿದರು. ಐಸಾಯಾ ಬಾಗಿಲಲ್ಲಿ ನಿಂತಿದ್ದ, ತಲೆ ಬಾಗಿಲವಾಡಕ್ಕೆ ತಾಗುವಷ್ಟು ಎತ್ತರ, ಮಾತು ಮಾತ್ರ ಕಡಿಮೆ. ಅವನಿಗೆ ಆಡಬೇಕೆಂಬ ಆಸೆ ಕಣ್ಣಲ್ಲೇ ಕಾಣುತ್ತಿತ್ತು. ಆಡುವ ಹುಡುಗನಿಗೆ ಕಾಲೇಜು ಫೀಸಿಲ್ಲದೆ ಸೀಟು ಕೊಡುತ್ತದೆ ಎಂಬುದನ್ನೆಲ್ಲ ತಾಯಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದರು.

“ಅವನ ಕಾಲು ಮುರಿದ್ರೆ ಏನಾಗುತ್ತೆ ಡಾಕ್ಟರ್?”

ಇಲ್ಲಿ ಮೈಸೂರಿನ ಮಾತು ಹೇಳಬೇಕು. ಪದ್ಮನಾಭನಿಗೆ ಮೆಡಿಕಲ್ ಸೀಟು ಸಿಕ್ಕಿದ ದಿನ ಅವನ ಅಪ್ಪ ಬೀದಿಯ ಮನೆಮನೆಗೂ ಹೋಗಿ ಹೇಳಿಬಂದಿದ್ದರು. ಎರಡನೇ ವರ್ಷ ಅವನಿಗೆ ಕಾಮಾಲೆ ಬಂತು. ವರ್ಷವಿಡೀ ಮಜ್ಜಿಗೆ ಕುಡಿದುಕೊಂಡು ಚಾಪೆಯ ಮೇಲೆ ಬಿದ್ದಿದ್ದ. ಹುಷಾರಾಗಿ ಹೋದಾಗ ಅವನ ಸೀಟು ಅವನಿಗಾಗಿ ಹಾಗೇ ಇತ್ತು. ಮೇಷ್ಟ್ರೊಬ್ಬರು, ಬಂದ್ಯಾ, ಕೂತ್ಕೋ ಎಂದಿದ್ದರು. ಅವನ ಲೆಕ್ಕದಲ್ಲಿ ಕಾಲೇಜು ಎಂದರೆ ಅದು. ಸೀಟು ಸಿಗುವತನಕ ಒದ್ದಾಟ, ಸಿಕ್ಕಮೇಲೆ ಅದು ನಿನ್ನದು, ಫೇಲಾದರೆ ಮಾತ್ರ ಭಯ. ಕಾಲೇಜೊಂದು ಹುಡುಗನನ್ನು ಒಳಗೆ ಕರೆದು, ಕಾಲು ನೆಟ್ಟಗಿದೆಯೇ ಎಂದು ವರ್ಷವರ್ಷವೂ ನೋಡಿ ಇಟ್ಟುಕೊಳ್ಳಬಹುದು, ಎತ್ತಿನ ಸಂತೆಯಲ್ಲಿ ನೋಡುವ ಹಾಗೆ, ಎಂಬುದು ಅವನ ತಲೆಗೆ ಹೊಳೆಯಲೇ ಇಲ್ಲ. ಹೊಳೆಯದ್ದನ್ನು ಅವನು ಯಾರನ್ನೂ ಕೇಳಲೂ ಇಲ್ಲ.

ತನ್ನ ಕಾಮಾಲೆಯ ಕಥೆಯನ್ನೆಲ್ಲ ಆಕೆಗೆ ಹೇಳಿದ. “ಸೀಟು ಸೀಟೇ, ಮಿಸೆಸ್ ಗ್ಯಾಡ್ಸನ್. ಇವನು ಒಂದು ದಿನವೂ ಆಡದಿದ್ದರೂ ಡಿಗ್ರಿ ತಗೊಂಡೇ ಹೊರಗೆ ಬರ್ತಾನೆ. ಇಲ್ಲೇ, ನಿಮ್ಮ ಕಣ್ಣೆದುರಿಗೆ.”

ಆಕೆ ಮಗನ ಮುಖ ನೋಡಿದರು, ಡಾಕ್ಟರ ಮುಖ ನೋಡಿದರು. “ನೀವು ಹೇಳ್ತಿದೀರಿ ಅಂತ,” ಎಂದರು.

ಅದಾದ ಮೇಲಿನ ಶರತ್ಕಾಲವನ್ನು ನೆನೆದರೆ ಪದ್ಮನಾಭನಿಗೆ ಈಗಲೂ ಮೈ ಜುಮ್ಮೆನ್ನುತ್ತದೆ, ಮರುಕ್ಷಣ ಎದ್ದು ಹಿತ್ತಲಿಗೆ ಹೋಗಬೇಕೆನಿಸುತ್ತದೆ. ಐಸಾಯಾ ಚೆಂಡು ಹಿಡಿದು ಓಡಿದರೆ ಎದುರಿನವರು ಗಾಳಿಯನ್ನು ತಬ್ಬಿಕೊಂಡು ಬೀಳುತ್ತಿದ್ದರು. ಸೋತು ಸೋತು ಸುಣ್ಣವಾಗಿದ್ದ ಹೇಸರಗತ್ತೆಗಳು ಗೆಲ್ಲತೊಡಗಿದವು. ಸೋಮವಾರದ ಮೇಜಿನಲ್ಲಿ ನಗು, ಬೆನ್ನು ತಟ್ಟುವುದು. ಕ್ಲೈಡ್ ಹುಡುಗನನ್ನು “ನಮ್ಮ ಹುಡುಗ” ಎನ್ನುತ್ತಿದ್ದ. ಆ ನಮ್ಮ ಹುಡುಗ ಗೆದ್ದ ಸಂಜೆ ಅದೇ ಹೋಟೆಲಿಗೆ ಬಂದರೆ ಎಲ್ಲರೂ ಕೈ ಕುಲುಕುತ್ತಿದ್ದರು, ಕೂತ್ಕೋ ಎಂದು ಯಾರೂ ಹೇಳುತ್ತಿರಲಿಲ್ಲ. ಪದ್ಮನಾಭ ಇದನ್ನು ನೋಡಿದ. ನಿಧಾನಕ್ಕೆ ಸರಿಹೋಗುತ್ತದೆ, ತನಗೂ ಕುರ್ಚಿ ಸಿಗುವುದು ತಡವಾಗಿತ್ತಲ್ಲ ಎಂದು ಸಮಾಧಾನ ಮಾಡಿಕೊಂಡ. ಹುಡುಗ ಪಾಠದಲ್ಲೂ ಹಿಂದೆ ಬೀಳಲಿಲ್ಲ. ಇತಿಹಾಸದ ಮೇಷ್ಟ್ರು ಮೆಚ್ಚಿದ್ದಾರೆಂದು ಮಿಸೆಸ್ ಗ್ಯಾಡ್ಸನ್ ಬಟ್ಟೆಯ ಗಾಡಿ ನಿಲ್ಲಿಸಿ ಹೇಳುತ್ತಿದ್ದರು, ಸುಶೀಲಾ ಹೇಗಿದ್ದಾಳೆ ಎಂದು ತಪ್ಪದೆ ಕೇಳುತ್ತಿದ್ದರು.

ಎರಡನೇ ವರ್ಷ, ಅಕ್ಟೋಬರಿನ ಒಂದು ಶನಿವಾರ, ಹುಡುಗ ಬಲಗಾಲೂರಿ ತಿರುಗುವ ಹೊತ್ತಿಗೆ ಇಬ್ಬರು ಬಂದು ಅದೇ ಕಾಲಿನ ಮೇಲೆ ಬಿದ್ದರು. ಮಂಡಿ ಯಾವ ಕಡೆಗೆ ಬಗ್ಗಬಾರದೋ ಆ ಕಡೆಗೆ ಬಗ್ಗಿದ್ದು ಪದ್ಮನಾಭನಿಗೆ ಮೇಲಿನ ಗ್ಯಾಲರಿಯಿಂದಲೇ ಕಂಡಿತು. ಎದ್ದು ಓಡಿದ. ಮೈದಾನದಲ್ಲಿ ಹುಲ್ಲು ಕಚ್ಚಿಕೊಂಡು ಮಲಗಿದ್ದ ಹುಡುಗ ಅವನ ಕೈ ಹಿಡಿದು ಕೇಳಿದ್ದು, “ಅಮ್ಮ ನೋಡಿದ್ರಾ?” ಎಂದು. ಆಕೆ ಆಗಲೇ ಬೇಲಿಯ ಹತ್ತಿರ ನಿಂತಿದ್ದರು.

ರಾಜ್ಯದ ರಾಜಧಾನಿ ಕೊಲಂಬಿಯಾದಲ್ಲಿ ಆಪರೇಷನ್ ಆಯಿತು. ಎಲುಬು ಕೂಡಿತು, ಮಂಡಿ ಮಡಿಸಲು ಬರಲಿಲ್ಲ. ಹುಡುಗ ಊರುಗೋಲು ಹಿಡಿದೇ ಕ್ಲಾಸಿಗೆ ಹೋದ, ಪಾಸೂ ಆದ. ವಸಂತ ಬರುತ್ತಲೂ ಒಂದು ಬೆಳಿಗ್ಗೆ ಆಸ್ಪತ್ರೆಯ ಪಡಸಾಲೆಯಲ್ಲಿ ಮಿಸೆಸ್ ಗ್ಯಾಡ್ಸನ್ ಗಾಡಿಯನ್ನು ಅಡ್ಡ ನಿಲ್ಲಿಸಿದರು.

“ಮುಂದಿನ ವರ್ಷ ಬರಬೇಡ ಅಂದ್ರಂತೆ ಡಾಕ್ಟರ್. ಫೀಸಿಲ್ಲದ ಸೀಟು ಇನ್ನು ಇಲ್ಲವಂತೆ. ಏನೋ ತಪ್ಪು ತಿಳುವಳಿಕೆ ಇರಬೇಕು, ಅಲ್ವಾ?”

ಪದ್ಮನಾಭ, ನಾನು ಮಾತಾಡ್ತೀನಿ ಎಂದ. ಹೋಗಿ ಕೋಚ್‌ನನ್ನು ಕೇಳಿದರೆ, ಕೋಚ್ ಇವನನ್ನೇ ವಿಚಿತ್ರವಾಗಿ ನೋಡಿದ. ಫೀಸಿಲ್ಲದ ಆಟದ ಸೀಟು ಒಂದೊಂದೇ ವರ್ಷದ್ದು, ಎಲ್ಲ ಕಡೆಯೂ ಹೀಗೇ, ನಿಮಗೆ ಗೊತ್ತಿರಲಿಲ್ಲವೇ ಎಂದ. ಗೊತ್ತಿರಲಿಲ್ಲ. ಮೂರು ನಾಲ್ಕು ವರ್ಷ ಆಟದ ಒಂದೊಂದು ಸೂಕ್ಷ್ಮವನ್ನೂ ತಿಳಿದುಕೊಂಡ ಮನುಷ್ಯನಿಗೆ ಇದೊಂದು ಗೊತ್ತಿರಲಿಲ್ಲ.

ಇನ್ನು ಉಳಿದದ್ದು ಮೇಜು. ಕಾಲೇಜಿನವರು ಕ್ಲೈಡ್‌ನ ಮಾತು ತೆಗೆದುಹಾಕುವುದಿಲ್ಲ ಎಂದು ಊರಿಗೆಲ್ಲ ಗೊತ್ತಿತ್ತು. ಸೋಮವಾರ ಪದ್ಮನಾಭ ಗಂಜಿಯನ್ನು ಮುಟ್ಟದೆ, ಉಪ್ಪಿನಕಾಯಿ ತೆಗೆಯದೆ, ಐಸಾಯಾ ಓದು ಮುಗಿಸುವತನಕ ಅವನ ಸೀಟು ಉಳಿಸಿಕೊಡಬೇಕು ಎಂದ. ಅವನಿಂದಲ್ಲವೇ ನೀವು ಗೆದ್ದದ್ದು ಎಂದ.

ಯಾರೂ ಕೆಟ್ಟ ಮಾತಾಡಲಿಲ್ಲ. ಆಡಿದ್ದರೆ ಎಷ್ಟೋ ಚೆನ್ನಾಗಿತ್ತು. ಹೊಯ್ಟ್ ನಿಜವಾಗಿಯೂ ಕಣ್ಣು ಒರೆಸಿಕೊಂಡು, ಒಳ್ಳೆ ಹುಡುಗ, ದೇವರು ಹಾಗೆ ಮಾಡಬಾರದಿತ್ತು ಎಂದ.

“ನನಗೂ ಸಂಕಟಾನೇ ಡಾಕ್,” ಎಂದ ಕ್ಲೈಡ್. “ಆದ್ರೆ ಇರೋ ಸೀಟು ಇಷ್ಟು. ಓಡಲಾರದವನಿಗೆ ಒಂದು ಕೊಟ್ರೆ ಓಡೋನಿಗೆ ಎಲ್ಲಿಂದ ತರೋದು? ನಾವು ಮತ್ತೆ ಮೊದಲಿಂದ ಕಟ್ಟಬೇಕಲ್ಲ.” ಆಮೇಲೆ ಮುಂದಕ್ಕೆ ಬಾಗಿ, ಹಳೆಯ ಸ್ನೇಹಿತನ ಹಾಗೆ ಅವನ ತೋಳು ಹಿಡಿದ. “ಲಾಟಿಗೆ ಚಿಕ್ಕವನೊಬ್ಬ ಇದಾನಲ್ಲ, ಸ್ಯಾಮ್ಯುಯಲ್? ಅಣ್ಣನಿಗಿಂತ ಒಂದು ಕೈ ಮೇಲಂತೆ. ಇನ್ನೊಂದು ವರ್ಷಕ್ಕೆ ಸ್ಕೂಲು ಮುಗಿಯುತ್ತೆ. ಅವಳು ಬೇರೆ ಯಾರನ್ನೂ ನಂಬಲ್ಲ. ನೀವು ಹೋಗಿ ಒಂದು ಮಾತು ಹೇಳಿ.”

ಪದ್ಮನಾಭ ಸುತ್ತ ನೋಡಿದ. ಎಲ್ಲರೂ ಅವನನ್ನೇ ನೋಡುತ್ತಿದ್ದರು, ಪ್ರೀತಿಯಿಂದ, ಆಸೆಯಿಂದ. ಎರಡು ವರ್ಷದಿಂದ ಅವರು ಅವನ ಬೆನ್ನು ತಟ್ಟಿದ್ದು ಯಾಕೆಂದು ಅವನಿಗೆ ಆಗ ತಿಳಿಯಿತು. ಮಿಸೆಸ್ ಗ್ಯಾಡ್ಸನ್ ಎಂದು ಅವನು ಕರೆದ ಮರ್ಯಾದೆಯನ್ನು ಇವರು ಉಪಯೋಗಿಸಿಕೊಂಡರು, ಅವನೇ ಅದನ್ನು ತಂದು ಮೇಜಿನ ಮೇಲೆ ಇಟ್ಟಿದ್ದ. ಎದ್ದು, ಪರ್ವಿಸ್‌ನ ಕುರ್ಚಿಯನ್ನು ಮೇಜಿಗೆ ಒತ್ತರಿಸಿಟ್ಟು ಹೊರಗೆ ಬಂದ. ಹಿಂದಿನಿಂದ ಕ್ಲೈಡ್, “ಯೋಚನೆ ಮಾಡಿ ಡಾಕ್, ಅವಸರವಿಲ್ಲ,” ಎನ್ನುತ್ತಿದ್ದ.

ಐಸಾಯಾನನ್ನು ಮಾವನ ಕಾಲೇಜು ಈಗ ಕರೆಯಲಿಲ್ಲ. ಎರಡು ವರ್ಷದ ಹಿಂದೆ ಅವನಿಗಾಗಿ ಇದ್ದ ಜಾಗದಲ್ಲಿ ಬೇರೆಯವರ ಮಗ ಕೂತಿದ್ದ. ಹುಡುಗ ಗಿರಣಿ ಸೇರಿದ, ನೂಲು ಇಲಾಖೆ, ಇಡೀ ಪಾಳಿ ನಿಂತೇ ಇರುವ ಕೆಲಸ. ಸಂಜೆ ಅವನು ಮಡಿಸಲಾಗದ ಕಾಲನ್ನು ಎಳೆದುಕೊಂಡು ಹಳಿ ದಾಟುವುದನ್ನು ಪದ್ಮನಾಭ ಕಾರಿನಲ್ಲಿ ಕೂತು ನೋಡಿದ. ಕಾರು ನಿಲ್ಲಿಸಿ ಹತ್ತಿಸಿಕೊಳ್ಳುವ ಧೈರ್ಯ ಬರಲಿಲ್ಲ.

ಆದರೆ ಸ್ಯಾಮ್ಯುಯಲ್‌ನ ವಿಷಯ ಹೇಳಲೇಬೇಕಿತ್ತು. ಇವನು ಹೋಗದಿದ್ದರೆ ಕ್ಲೈಡ್ ಇನ್ನೊಬ್ಬರನ್ನು ಕಳಿಸುತ್ತಿದ್ದ. ಭಾನುವಾರ ಚರ್ಚ್ ಮುಗಿಯುವ ಹೊತ್ತಿಗೆ ಮತ್ತೆ ಆ ಜಗುಲಿ ಹತ್ತಿದ. ಕಳಿಸಬೇಡಿ, ಯಾರು ಬಂದು ಏನೇ ಹೇಳಿದರೂ ಕೊಡಬೇಡಿ ಎಂಬ ಮಾತನ್ನು ದಾರಿಯುದ್ದಕ್ಕೂ ಬಾಯಲ್ಲಿ ಹೊರಳಿಸಿಕೊಂಡು ಬಂದಿದ್ದ.

ಮಿಸೆಸ್ ಗ್ಯಾಡ್ಸನ್ ಚರ್ಚಿನ ಟೋಪಿಯನ್ನೂ ತೆಗೆಯದೆ ಜಾಲರಿ ಬಾಗಿಲ ಒಳಗೇ ನಿಂತರು. ಕುರ್ಚಿಯ ಮೇಲೆ ಧೂಳಿತ್ತು. ಒಳಗೆ ಐಸಾಯಾ ಸ್ಟೂಲಿನ ಮೇಲೆ ಕಾಲು ಚಾಚಿ ಕೂತಿದ್ದ, ಇತ್ತ ನೋಡಲಿಲ್ಲ.

“ಮಿಸೆಸ್ ಗ್ಯಾಡ್ಸನ್, ಸ್ಯಾಮ್ಯುಯಲ್ ವಿಷಯ...”

“ನೀವು ಬರ್ತೀರ ಅಂತ ಗೊತ್ತಿತ್ತು,” ಎಂದರು ಆಕೆ. “ಅವನು ಇಲ್ಲಿಲ್ಲ ಡಾಕ್ಟರ್. ನಮ್ಮಣ್ಣನ ಊರಿಗೆ ಕಳಿಸಿದೀನಿ. ಸ್ಕೂಲು ಅಲ್ಲೇ ಮುಗಿಸ್ತಾನೆ.”

“ಅಲ್ಲ, ನಾನು ಬಂದಿದ್ದು...”

“ಅವತ್ತು ನಾನು ಕಾಲೇಜನ್ನ ನಂಬ್ಲಿಲ್ಲ ಡಾಕ್ಟರ್. ಕೋಚ್‌ನ ಅಂತೂ ನಂಬ್ಲೇ ಇಲ್ಲ.” ದನಿ ಏರಲಿಲ್ಲ. ಬೈದಿದ್ದರೆ ಅವನು ಅಳಬಹುದಿತ್ತು. “ನಮಸ್ಕಾರ. ನಿಮ್ಮ ಮನೆಯವರನ್ನು ಕೇಳಿದೆ ಅಂತ ಹೇಳಿ.”

ಜಾಲರಿಯ ಹಿಂದಿನ ಮರದ ಬಾಗಿಲು ಸದ್ದಿಲ್ಲದೆ ಮುಚ್ಚಿಕೊಂಡಿತು. ಪದ್ಮನಾಭ ಅಲ್ಲೇ ನಿಂತು, ಕಳಿಸಬೇಡಿ ಅನ್ನೋಕೇ ಬಂದೆ ಎಂದು ಮುಚ್ಚಿದ ಬಾಗಿಲಿಗೆ ಹೇಳಿದ. ಅವನ ಎಚ್ಚರಿಕೆ ಯಾರಿಗೂ ಬೇಕಾಗಿರಲಿಲ್ಲ. ಆಕೆ ಚಿಕ್ಕ ಮಗನನ್ನು ಆಗಲೇ ಊರಿನವರಿಂದ ಉಳಿಸಿಕೊಂಡಿದ್ದರು, ಅವನಿಂದಲೂ.